‘ತಾಳಿಕೊಂಡಳು’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಯಾವ ಪದ?

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಸಂಜೆ ಹೊತ್ತು ಪಡಸಾಲೆಯಲ್ಲಿ ಚಾಪೆ ಹಾಸಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಒಂದು ದಿನ ಬಿಕಾಂ ಓದುವ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತಂದಳು. ‘ನಿಮ್ಮ ಕುಟುಂಬದ ಬಗ್ಗೆ ಬರೆಯಿರಿ’ ಅಂತ ಅದರಲ್ಲಿ ಅರ್ಧ ಪುಟ ಜಾಗ ಇತ್ತು. ಅವಳು ಬರೆದಿದ್ದ ಮೊದಲ ಸಾಲು ಇದು: ‘ಮೈ ಮದರ್ ಟಾಲರೇಟೆಡ್ ಮಿ ಫಾರ್ ಟ್ವೆಲ್ವ್ ಇಯರ್ಸ್.’

ಅವಳ ಅಪ್ಪ ತೀರಿಕೊಂಡು 12 ವರ್ಷ ಆಗಿತ್ತು. ಅವರಮ್ಮ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಇವಳನ್ನು ಓದಿಸಿದ್ದಾರೆ. ‘ನಮ್ಮವ್ವ ನನಗೋಸ್ಕರ 12 ವರ್ಷ ಎಲ್ಲಾ ತಾಳಿಕೊಂಡಳು’ ಅಂತ ಹೇಳುವುದು ಅವಳ ಉದ್ದೇಶ. ಆದರೆ ಇಂಗ್ಲಿಷ್ ಬಲ್ಲವರು ಆ ಸಾಲು ಓದಿದರೆ ಅರ್ಥ ಬೇರೆಯೇ ಆಗುತ್ತದೆ. ‘ನನ್ನ ಕಾಟವನ್ನು ನಮ್ಮವ್ವ 12 ವರ್ಷ ಹೇಗೋ ಸಹಿಸಿಕೊಂಡಳು’ ಅಂದ ಹಾಗೆ.

ತಪ್ಪು ಅವಳದಲ್ಲ. ಮೊಬೈಲ್‌ನ ಡಿಕ್ಷನರಿಯಲ್ಲಿ ಬೇರ್, ಸ್ಟ್ಯಾಂಡ್, ಎಂಡ್ಯೂರ್, ಟಾಲರೇಟ್, ಸಫರ್ ಯಾವುದನ್ನು ಒತ್ತಿದರೂ ‘ಸಹಿಸು’ ಅಂತಲೇ ಬರುತ್ತದೆ. ಐದಕ್ಕೂ ಒಂದೇ ಅರ್ಥ ಅಂದಮೇಲೆ ಯಾವುದು ಬರೆದರೇನು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ?

ಅವತ್ತು ಅವಳ ಜೊತೆ ಕೂತು ಆ ಅರ್ಧ ಪುಟವನ್ನು ತಿದ್ದಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ರಜಾ ಚೀಟಿಯಿಂದ ಹಿಡಿದು ಕೆಲಸದ ಅರ್ಜಿಯವರೆಗೆ ಎಲ್ಲಿ ಬೇಕಾದರೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಕನ್ನಡದ ಮಾತನ್ನು ಬಿಡಿಸಿ ನೋಡಿ

ಡಿಕ್ಷನರಿ ಪಕ್ಕಕ್ಕಿಡಿ. ಹೇಳಬೇಕಾದ್ದನ್ನು ಮನೆಯಲ್ಲಿ ಮಾತಾಡುವ ಹಾಗೆ ಒಮ್ಮೆ ಬಾಯಿಬಿಟ್ಟು ಹೇಳಿ. ಅವಳಿಗೂ ಇದನ್ನೇ ಹೇಳಿದೆ. ಅವಳು ಹೇಳಿದ್ದು ಹೀಗೆ:

‘ಭಾಳ ತಾಳ್ಕೊಂಡ್ಲು ಮೇಡಂ ನಮ್ಮವ್ವ. ಭಟ್ಟಿ ಬಿಸಿ ತಾಳ್ಕೊಂಡ್ಲು. ಮಂದಿ ಮಾತು ತಾಳ್ಕೊಂಡ್ಲು. ನನ್ನ ಫೀಸು, ಮನಿ ಬಾಡಿಗಿ ಎಲ್ಲಾ ಒಬ್ಬಾಕೇ ಹೊತ್ಲು. ಈಗ ಕೆಮ್ಮು ಹತ್ಕೊಂಡೈತೆ.’

ನೋಡಿ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಳು! ಇದರಲ್ಲಿ ನಾಲ್ಕು ಬೇರೆ ಬೇರೆ ಸಂಗತಿ ಇವೆ. ಬಿಸಿ, ಜನರ ಚುಚ್ಚುಮಾತು, ಖರ್ಚಿನ ಹೊರೆ, ಕಾಯಿಲೆ. ಇಂಗ್ಲಿಷ್‌ನಲ್ಲಿ ನಾಲ್ಕಕ್ಕೂ ಒಂದೇ ಪದ ಹಾಕಲು ಹೋದಾಗಲೇ ಕೆಡುವುದು. ಆದ್ದರಿಂದ ‘ತಾಳಿಕೊಂಡದ್ದು ಏನನ್ನು?’ ಅಂತ ಮೊದಲು ಕೇಳಿಕೊಳ್ಳಿ. ಅದು ಸಿಕ್ಕಮೇಲೆ ‘ಎಷ್ಟು ದಿನ?’ ಅಂತ ಕೇಳಿ. ಕೊನೆಗೆ, ‘ಬೇಡ ಅನ್ನುವ ಅಧಿಕಾರ ಅವರಿಗೆ ಇತ್ತಾ?’ ಅಂತ ಕೇಳಿ. ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಪದ ತಾನಾಗಿಯೇ ಸಿಗುತ್ತದೆ.

ಹೊರೆ ಇದ್ದರೆ ಬೇರ್

ಬೇರ್ ಅಂದರೆ ಮೂಲದಲ್ಲಿ ಹೊರುವುದು. ತಲೆ ಮೇಲೆ, ಹೆಗಲ ಮೇಲೆ, ಹೊಟ್ಟೆಯಲ್ಲಿ. ಮಗುವನ್ನು ಹೆರುವುದಕ್ಕೂ ಹಳೆಯ ಇಂಗ್ಲಿಷ್‌ನಿಂದ ಇದೇ ಪದ ಬಂದಿದೆ. ಮರ ಹಣ್ಣು ಬಿಟ್ಟರೂ ಬೇರ್. ಕಟ್ಟಡದ ಭಾರ ಹೊತ್ತ ಗೋಡೆಗೆ ಮೇಸ್ತ್ರಿಗಳೂ ‘ಲೋಡ್ ಬೇರಿಂಗ್’ ಅನ್ನುತ್ತಾರೆ. ಹಾಗಾಗಿ ಖರ್ಚು, ಜವಾಬ್ದಾರಿ, ತಪ್ಪಿನ ಹೊಣೆ, ನೋವಿನ ಭಾರ ಇಂಥವು ಬಂದಾಗ ಕಣ್ಣುಮುಚ್ಚಿ ಬೇರ್ ಬರೆಯಬಹುದು. ಕನ್ನಡದಲ್ಲಿ ‘ಹೊತ್ತಳು’ ಅನ್ನುವುದು ಒಪ್ಪುವ ಕಡೆಯೆಲ್ಲ ಇಂಗ್ಲಿಷ್‌ನಲ್ಲಿ ಇದು ಒಪ್ಪುತ್ತದೆ.

ರೂಪಗಳ ಕಡೆ ಗಮನ ಇರಲಿ. ಬೇರ್, ಬೋರ್, ಬೋರ್ನ್. ಈ ಕೊನೆಯ ಬೋರ್ನ್‌ಗೆ ತುದಿಯಲ್ಲಿ ‘ಇ’ ಅಕ್ಷರ ಇದೆ. ‘ನಾನು ಜಗಳೂರಿನಲ್ಲಿ ಹುಟ್ಟಿದೆ’ ಅನ್ನುವಾಗ ಬರುವ ಬಾರ್ನ್‌ಗೆ ಆ ‘ಇ’ ಇಲ್ಲ. ಕಂಪನಿಯ ಪತ್ರದಲ್ಲಿ ‘ದಿ ಕಾಸ್ಟ್ ವಿಲ್ ಬಿ ಬೋರ್ನ್ ಬೈ ದಿ ಕಂಪನಿ’ ಅಂತ ಬಂದರೆ ಖರ್ಚು ಕಂಪನಿಯದು ಅಂತ ಅರ್ಥ. ‘ಇ’ ಬಿಟ್ಟರೆ ಖರ್ಚೇ ಹುಟ್ಟಿಕೊಳ್ಳುತ್ತದೆ.

ಇನ್ನೊಂದು, ‘ಬೇರ್ ವಿತ್ ಮಿ’. ಸ್ವಲ್ಪ ತಾಳ್ಮೆ ಇರಲಿ, ಕಾಯಿರಿ ಅಂತ ಇದರ ಅರ್ಥ. ಕಾಲ್ ಸೆಂಟರ್‌ನಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ. ಇದನ್ನು ಬರೆಯುವಾಗ ಬಿ, ಇ, ಎ, ಆರ್ ಅಂತಲೇ ಬರೆಯಬೇಕು. ಬಿ, ಎ, ಆರ್, ಇ ಅಂತ ಬರೆದರೆ ಅದು ಬೆತ್ತಲೆ ಅನ್ನುವ ಪದ. ಕಚೇರಿಯ ಈಮೇಲ್‌ನಲ್ಲಿ ಇದು ಆಗಬಾರದ ತಪ್ಪು.

ನಮ್ಮ ಹುಡುಗಿಯ ಒಂದು ಸಾಲು ಇಲ್ಲಿಗೆ ಸರಿಯಾಯಿತು. ‘ಶಿ ಬೋರ್ ಆಲ್ ದಿ ಎಕ್ಸ್‌ಪೆನ್ಸಸ್ ಅಲೋನ್.’ ಎಲ್ಲ ಖರ್ಚನ್ನೂ ಒಬ್ಬರೇ ಹೊತ್ತರು.

ಕರುಳು ಚುರುಕ್ ಅಂದಿತಾ, ಸಿಟ್ಟು ಬಂತಾ?

ಈ ಹೆಜ್ಜೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ‘ಕಾಂಟ್ ಬೇರ್’, ‘ಕಾಂಟ್ ಸ್ಟ್ಯಾಂಡ್’ ಎರಡನ್ನೂ ನಾವು ‘ತಾಳೋಕಾಗಲ್ಲ’ ಅಂತಲೇ ಹೇಳುತ್ತೇವೆ. ಇಂಗ್ಲಿಷ್‌ನವರೂ ಎಷ್ಟೋ ಸಲ ಒಂದರ ಬದಲು ಇನ್ನೊಂದನ್ನು ಬಳಸುತ್ತಾರೆ, ನಿಜ. ಆದರೆ ಮನಸ್ಸಿನ ಬಣ್ಣ ಎರಡರಲ್ಲಿ ಬೇರೆ.

ರಾತ್ರಿ ಎರಡು ಗಂಟೆ. ಪಕ್ಕದ ಮನೆಯಲ್ಲಿ ಕೂಸು ಒಂದೇ ಸಮನೆ ಅಳುತ್ತಿದೆ. ‘ಐ ಕಾಂಟ್ ಬೇರ್ ಟು ಹಿಯರ್ ದಟ್ ಚೈಲ್ಡ್ ಕ್ರೈ’ ಅಂದರೆ, ಪಾಪ ಆ ಕೂಸು ಅಳೋದು ಕೇಳೋಕಾಗಲ್ಲ, ಕರುಳು ಹಿಂಡುತ್ತದೆ ಅಂತ. ‘ಐ ಕಾಂಟ್ ಸ್ಟ್ಯಾಂಡ್ ದಟ್ ಕ್ರೈಯಿಂಗ್’ ಅಂದರೆ, ಥೂ, ಆ ಅಳು ನಿಲ್ಲಿಸ್ರೋ, ನಿದ್ದೆ ಹಾಳಾಯ್ತು ಅಂತ. ಕೂಸು ಒಂದೇ, ಅಳು ಒಂದೇ. ಕೇಳುವವರ ಮನಸ್ಸು ಬೇರೆ. ಸಾವಿನ ಮನೆಗೆ ಸಾಂತ್ವನದ ಪತ್ರ ಬರೆಯುವಾಗ ಯಾವುದು ಬೇಕು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಸ್ಟ್ಯಾಂಡ್‌ನಲ್ಲಿ ‘ನಿಲ್ಲು’ ಅನ್ನುವ ಭಾವ ಇದೆ. ಎದುರಿಗೆ ನಿಂತು ತಡೆಯುವುದು. ‘ಆ ಬಿಸಿ ಮುಂದೆ ನಿಲ್ಲೋಕಾಗಲ್ಲ’ ಅಂತ ನಾವೂ ಹೇಳುತ್ತೇವಲ್ಲ, ಅದೇ. ಮಂಡಕ್ಕಿ ಭಟ್ಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಣಲೆಯಲ್ಲಿ ಮರಳು ಕೆಂಡದ ಹಾಗೆ ಕಾದಿರುತ್ತದೆ. ಅಕ್ಕಿ ಸುರಿದ ಗಳಿಗೆಯಲ್ಲೇ ಪಟಪಟ ಅಂತ ಅರಳುತ್ತದೆ. ಹೊಗೆ, ಬೂದಿ, ಮುಖಕ್ಕೆ ರಾಚುವ ಕಾವು. ಹೊಸಬರು ಐದು ನಿಮಿಷ ನಿಲ್ಲಲಾರರು. ‘ಐ ಕುಡಂಟ್ ಸ್ಟ್ಯಾಂಡ್ ದಿ ಹೀಟ್ ಫಾರ್ ಫೈವ್ ಮಿನಿಟ್ಸ್.’ ಇಲ್ಲಿ ಸ್ಟ್ಯಾಂಡ್ ಸರಿಯಾಗಿ ಕೂರುತ್ತದೆ.

ಆದರೆ ಅದೇ ಭಟ್ಟಿ ಮುಂದೆ 12 ವರ್ಷ ದುಡಿದವರ ಬಗ್ಗೆ ‘ಶಿ ಸ್ಟುಡ್ ದಿ ಹೀಟ್’ ಅಂತ ಬರೆದರೆ ಸೊರಗಿದ ಹಾಗೆ ಆಗುತ್ತದೆ. ಈ ಅರ್ಥದ ಸ್ಟ್ಯಾಂಡ್‌ಗೆ ‘ಆಗಲ್ಲ’ ಜೊತೆಗೋ ಪ್ರಶ್ನೆಯಲ್ಲೋ ಇರುವಾಗಲೇ ಜೀವ. ಇದನ್ನು ಕರ್ಮಣಿಯಲ್ಲಿ ಬರೆಯಲೂ ಬರುವುದಿಲ್ಲ. ಮನುಷ್ಯರ ಮೇಲೆ ಹಾಕಿದರೆ ಬಲು ಕಟುವಾಗುತ್ತದೆ. ‘ಐ ಕಾಂಟ್ ಸ್ಟ್ಯಾಂಡ್ ಹಿಮ್’ ಅಂದರೆ ಅವನನ್ನು ಕಂಡರೆ ಆಗಲ್ಲ, ಮುಖ ನೋಡೋಕೂ ಇಷ್ಟ ಇಲ್ಲ ಅಂತ. ಸಂದರ್ಶನದಲ್ಲಿ ಹಳೇ ಬಾಸ್ ಬಗ್ಗೆ ಈ ಮಾತು ಬೇಡ.

ವರ್ಷಗಟ್ಟಲೆ ಇದ್ದರೆ ಎಂಡ್ಯೂರ್

ಎಂಡ್ಯೂರ್ ಲ್ಯಾಟಿನ್‌ನಿಂದ ಬಂದ ಪದ. ಅದರ ಬೇರು ‘ಗಟ್ಟಿ’ ಅನ್ನುವ ಅರ್ಥದ್ದು. ಗಟ್ಟಿಯಾಗಿ ಉಳಿಯುವುದು, ಕಲ್ಲಾಗಿ ನಿಲ್ಲುವುದು. ಡ್ಯೂರಬಲ್, ಡ್ಯೂರೇಷನ್ ಇವುಗಳ ಪಕ್ಕದಲ್ಲಿಟ್ಟು ನೆನಪಿಟ್ಟುಕೊಳ್ಳಿ. ಒಂದರಲ್ಲಿ ಬಾಳಿಕೆ ಇದೆ, ಇನ್ನೊಂದರಲ್ಲಿ ಕಾಲ ಇದೆ. ಎಂಡ್ಯೂರ್‌ಗೆ ಎರಡೂ ಬೇಕು. ಕಷ್ಟ ದೊಡ್ಡದಿರಬೇಕು, ದಿನ ಉದ್ದ ಇರಬೇಕು.

ಚಿತ್ರದುರ್ಗ ಸೀಮೆಯ ಮಳೆ ನೆನಪಿಸಿಕೊಳ್ಳಿ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡ ಕಟ್ಟಿದ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟರಲ್ಲಿ ಎಷ್ಟು ಬರ ಬಂದವು, ಎಷ್ಟು ಸಲ ಶೇಂಗಾ ಗಿಡ ಹೊಲದಲ್ಲೇ ಒಣಗಿತು. ಆ ರೈತರ ಬಗ್ಗೆ ‘ದೇ ಎಂಡ್ಯೂರ್ಡ್ ಡ್ರಾಟ್ ಆಫ್ಟರ್ ಡ್ರಾಟ್’ ಅಂತ ಬರೆದರೆ ಪದಕ್ಕೆ ತೂಕ ಬರುತ್ತದೆ. ಬರದ ಮೇಲೆ ಬರ ಬಂದರೂ ಬಗ್ಗದೆ ನಿಂತರು ಅಂತ. ಬಸ್ಸು ಅರ್ಧ ಗಂಟೆ ತಡ ಆಯಿತು ಅನ್ನುವುದಕ್ಕೆ ಇದನ್ನು ಹಾಕಿದರೆ ಮಾತು ಉಬ್ಬಿದ ಹಾಗೆ ಕೇಳುತ್ತದೆ.

ಒಂದು ಎಚ್ಚರಿಕೆ. ‘ಎಂಡ್ಯೂರಿಂಗ್ ಫ್ರೆಂಡ್‌ಶಿಪ್’ ಅಂದರೆ ಕಷ್ಟಪಟ್ಟು ಸಹಿಸುವ ಗೆಳೆತನ ಅಲ್ಲ, ಬಹುಕಾಲ ಬಾಳುವ ಗೆಳೆತನ. ಇಲ್ಲಿ ಕಷ್ಟ ಉದುರಿಹೋಗಿ ಬಾಳಿಕೆ ಮಾತ್ರ ಉಳಿದಿದೆ.

ಬೇಡ ಅನ್ನಬಹುದಿತ್ತು, ಅನ್ನಲಿಲ್ಲ: ಟಾಲರೇಟ್

ಈಗ ಮೂರನೇ ಪ್ರಶ್ನೆಗೆ ಬರೋಣ. ಟಾಲರೇಟ್ ಅನ್ನುವಲ್ಲಿ ಒಪ್ಪಿಗೆ ಇಲ್ಲ, ಆದರೂ ಇರಲಿ ಅಂತ ಬಿಡುವುದಿದೆ. ಎಷ್ಟೋ ಸಲ ತಡೆಯುವ ಅಧಿಕಾರವೂ ಇರುತ್ತದೆ. ತರಗತಿಯಲ್ಲಿ ಪಿಸುಪಿಸು ಮಾತನ್ನು ಮೇಷ್ಟ್ರು ಸುಮ್ನೆ ಬಿಟ್ಟರೆ ಅದು ಟಾಲರೇಟ್. ಬಿಡದಿದ್ದರೆ ‘ಜೀರೋ ಟಾಲರೆನ್ಸ್’. ಆದ್ದರಿಂದಲೇ ಮನುಷ್ಯರನ್ನು ಇದರ ಕರ್ಮವಾಗಿ ಇಟ್ಟರೆ ಅವಮಾನ ಆಗುವುದು. ‘ಅತ್ತೆ ನನ್ನನ್ನು ಟಾಲರೇಟ್ ಮಾಡುತ್ತಾರೆ’ ಅಂದರೆ ಇಷ್ಟವಿಲ್ಲದೆ ಇಟ್ಟುಕೊಂಡಿದ್ದಾರೆ ಅಂತ. ಹೆತ್ತ ತಾಯಿಯ ಬಗ್ಗೆ ಮಗಳು ಬರೆಯುವ ಮಾತಲ್ಲ ಅದು.

ಈ ಪದಕ್ಕೆ ಇನ್ನೊಂದು ಮುಖ ಇದೆ, ಅದು ಲೆಕ್ಕದ್ದು. ಎಷ್ಟರವರೆಗೆ ನಡೆಯುತ್ತದೆ ಅನ್ನುವ ಮಿತಿ. ಒಂದು ಕಾಲಕ್ಕೆ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರದ ಕಡೆ ಯಾವ ಫಿಟ್ಟರ್‌ನನ್ನಾದರೂ ಕೇಳಿ, ಟಾಲರೆನ್ಸ್ ಅಂದರೆ ತಟ್ಟನೆ ಹೇಳುತ್ತಾರೆ. 50 ಮಿಲಿಮೀಟರ್ ಶಾಫ್ಟ್‌ನಲ್ಲಿ 0.02 ಮಿಲಿಮೀಟರ್ ಆಚೀಚೆ ಆದರೂ ಪರವಾಗಿಲ್ಲ ಅಂದರೆ ಆ ಆಚೀಚೆಯೇ ಟಾಲರೆನ್ಸ್. ನೀರು ಕಡಿಮೆಯಾದರೂ ಬದುಕುವ ಬೆಳೆ ‘ಡ್ರಾಟ್ ಟಾಲರೆಂಟ್’. ಹಾಲು ಕುಡಿದರೆ ಒಗ್ಗದ ಹೊಟ್ಟೆಗೆ ಡಾಕ್ಟರು ‘ಲ್ಯಾಕ್ಟೋಸ್ ಇನ್‌ಟಾಲರೆನ್ಸ್’ ಅನ್ನುತ್ತಾರೆ. ಇಲ್ಲೆಲ್ಲ ಅವಮಾನದ ಸೋಂಕಿಲ್ಲ.

ಇದರ ಮನೆಮಾತಿನ ತಂಗಿ ‘ಪುಟ್ ಅಪ್ ವಿತ್’. ಕಿರಿಕಿರಿಗೆ ಇದು ಹೇಳಿ ಮಾಡಿಸಿದ್ದು. ಕರೆಂಟ್ ಹೋಗುವುದು, ಎದುರು ಮನೆಯ ಸ್ಪೀಕರ್, ನೆಂಟರ ಕೊಂಕುಮಾತು. ಇಷ್ಟ ಇಲ್ಲ, ಏನು ಮಾಡೋದು, ನುಂಗಿಕೊಂಡು ಇರೋದು. ಮೂರು ಪದಗಳನ್ನು ಬಿಡಿಸದೆ ಒಂದೇ ಗಂಟಾಗಿ ಕಲಿಯಿರಿ. ‘ವಿತ್’ ಬಿಟ್ಟರೆ ‘ಪುಟ್ ಅಪ್’ ಆಗಿ ಅರ್ಥ ಎಲ್ಲಿಗೋ ಹೋಗುತ್ತದೆ. ‘ನಾನು ಹಾಸ್ಟೆಲ್‌ನಲ್ಲಿ ಪುಟ್ ಅಪ್ ಆಗಿದ್ದೇನೆ’ ಅಂತ ನಮ್ಮ ಮಕ್ಕಳು ಹೇಳುತ್ತಾರಲ್ಲ, ಅದು ಉಳಿದುಕೊಳ್ಳುವ ವಿಷಯ.

‘ಮಂದಿ ಮಾತು ತಾಳ್ಕೊಂಡ್ಲು’ ಅನ್ನುವುದಕ್ಕೆ ಇದೇ ಸರಿ ಅಂತ ನಿರ್ಧರಿಸಿದೆವು. ‘ಶಿ ಪುಟ್ ಅಪ್ ವಿತ್ ಪೀಪಲ್ಸ್ ಟಾಕ್.’ ಗಂಡ ಇಲ್ಲದ ಹೆಂಗಸು ಕತ್ತಲಾದ ಮೇಲೆ ಕೆಲಸದಿಂದ ಬಂದರೆ ಓಣಿಯಲ್ಲಿ ಏನೇನು ಮಾತು ಹುಟ್ಟುತ್ತವೆ ಅಂತ ಆ ಹುಡುಗಿ ಹೇಳಿದಾಗ ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ.

ನೋವು ಮಾತ್ರ ಇದ್ದರೆ ಸಫರ್

ಸಫರ್ ಅಂದರೆ ಪಡುವುದು, ಅನುಭವಿಸುವುದು. ಎಂಡ್ಯೂರ್ ಮಾಡಿದವರಲ್ಲಿ ಗಟ್ಟಿತನ ಕಾಣುತ್ತದೆ. ಸಫರ್ ಆದವರಲ್ಲಿ ಪೆಟ್ಟು ಕಾಣುತ್ತದೆ, ಅವರು ಅದನ್ನು ಹೇಗೆ ತಾಳಿದರು ಅನ್ನುವುದು ಕಾಣುವುದಿಲ್ಲ. ಹಿಂದಿನ ಇಂಗ್ಲಿಷ್‌ನಲ್ಲಿ ಇದಕ್ಕೆ ‘ಬಿಡು, ಅವಕಾಶ ಕೊಡು’ ಅನ್ನುವ ಅರ್ಥವೂ ಇತ್ತು. ಹಳೆಯ ಪುಸ್ತಕ ಓದುವಾಗ ಎದುರಾದರೆ ಗಾಬರಿಯಾಗಬೇಡಿ.

ಬಳಕೆಯಲ್ಲಿ ತೊಡಕಾಗುವುದು ‘ಫ್ರಮ್’ ಎಲ್ಲಿ ಬರುತ್ತದೆ ಅನ್ನುವುದು. ಕಾಯಿಲೆ, ತಲೆನೋವು ಇಂಥ ಕಾಡುವ ಸಂಗತಿಗೆ ‘ಸಫರ್ ಫ್ರಮ್’. ಆಸ್ತಮಾ, ಬೆನ್ನುನೋವು, ಮರೆವು. ಒಂದೇ ಏಟಿಗೆ ಬಂದೆರಗುವುದಕ್ಕೆ ಬರೀ ‘ಸಫರ್’. ಹೃದಯಾಘಾತ, ಗಾಯ, ನಷ್ಟ, ಸೋಲು. ‘ಹೀ ಸಫರ್ಡ್ ಎ ಲಾಸ್ ಇನ್ ದಿ ಮೇಜ್ ಕ್ರಾಪ್’ ಅಂದರೆ ಮೆಕ್ಕೆಜೋಳದಲ್ಲಿ ನಷ್ಟ ಅನುಭವಿಸಿದ ಅಂತ. ಇಲ್ಲಿ ಫ್ರಮ್ ಸೇರಿಸಬೇಡಿ.

ರಜಾ ಚೀಟಿಯ ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ನಮಗೆಲ್ಲ ಬಾಯಿಪಾಠ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಎರಡು ದಿನದ ಜ್ವರಕ್ಕೆ ‘ಐ ಹ್ಯಾವ್ ಎ ಫೀವರ್’ ಸಾಕು, ಸಹಜವಾಗಿಯೂ ಇದೆ. ಕಣ್ಣು ಕಾಣದವರು, ಕಿವಿ ಕೇಳದವರ ಬಗ್ಗೆ ಬರೆಯುವಾಗಲಂತೂ ದಯವಿಟ್ಟು ಸಫರ್ ಬಳಸಬೇಡಿ. ಅವರು ತಮ್ಮ ಪಾಡಿಗೆ ಬದುಕು ನಡೆಸುತ್ತಿರುತ್ತಾರೆ. ನಾವು ಯಾಕೆ ಒಂದು ಪದದಿಂದ ಅವರನ್ನು ನರಳುವವರನ್ನಾಗಿ ಮಾಡಬೇಕು?

ಆಪರೇಷನ್‌ಗೂ ಸಫರ್ ಬೇಡ. ಆಪರೇಷನ್, ಚಿಕಿತ್ಸೆ, ತರಬೇತಿ, ಬದಲಾವಣೆ ಇವಕ್ಕೆ ‘ಅಂಡರ್‌ಗೋ’. ಭೂತಕಾಲ ‘ಅಂಡರ್‌ವೆಂಟ್’. ವಿಮೆ ಕಂಪನಿಗೆ ಬರೆಯುವಾಗ ‘ಮೈ ಫಾದರ್ ಅಂಡರ್‌ವೆಂಟ್ ಸರ್ಜರಿ’ ಅನ್ನಿ. ಗೆಳತಿಯ ಹತ್ತಿರ ಮಾತಾಡುವಾಗ ‘ವೆಂಟ್ ಥ್ರೂ’ ಅನ್ನಿ. ಬದುಕಿ ಉಳಿದರು ಅನ್ನುವುದಕ್ಕೆ ‘ಸರ್ವೈವ್’. ಇದಕ್ಕೂ ಫ್ರಮ್ ಬೇಡ. ‘ಶಿ ಸರ್ವೈವ್ಡ್ ದಿ ಆಕ್ಸಿಡೆಂಟ್’ ಅಷ್ಟೇ.

ಎದುರಿನಿಂದ ಏಟು ಬಿದ್ದರೆ ವಿತ್‌ಸ್ಟ್ಯಾಂಡ್

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದವರಿಗೆ ಈ ಪದ ಬೇಗ ಅರ್ಥವಾಗುತ್ತದೆ. ಒಂದು ಬಾಗಿಲು ದಾಟಿದರೆ ದಾರಿ ಥಟ್ಟನೆ ತಿರುಗುತ್ತದೆ, ಮುಂದೆ ಇನ್ನೊಂದು ಗೋಡೆ. ಬಂಡೆಯ ಮೇಲೆ ಬಂಡೆ ಸೇರಿಸಿ ಕಟ್ಟಿದ್ದು ಯಾಕೆ ಅಂತ ಕಾಲಿಗೇ ಗೊತ್ತಾಗುತ್ತದೆ. ವಿತ್‌ಸ್ಟ್ಯಾಂಡ್ ಅಂದರೆ ಹೊರಗಿನ ಬಲ ಬಂದು ಅಪ್ಪಳಿಸಿದರೂ ಮುರಿಯದೆ ಇರುವುದು. ಇದರಲ್ಲಿರುವ ‘ವಿತ್’ಗೆ ಹಳೆಯ ಇಂಗ್ಲಿಷ್‌ನಲ್ಲಿ ‘ಎದುರಾಗಿ’ ಅನ್ನುವ ಅರ್ಥ ಇತ್ತು. ಎದುರಾಗಿ ನಿಲ್ಲು, ಅಷ್ಟೇ.

‘ದಿ ಫೋರ್ಟ್ ವಿತ್‌ಸ್ಟುಡ್ ಮೆನಿ ಅಟ್ಯಾಕ್ಸ್ ಬಿಫೋರ್ ಇಟ್ ಫೆಲ್ ಇನ್ 1779.’ ಹೈದರಾಲಿಯ ಕೈಗೆ ಕೋಟೆ ಹೋದದ್ದು 1779ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ದಾಳಿ ತಡೆದಿತ್ತು. ಕೋಟೆಗೆ ಮನಸ್ಸಿಲ್ಲ, ಆದ್ದರಿಂದ ಅದು ಟಾಲರೇಟ್ ಮಾಡುವುದಿಲ್ಲ, ಪುಟ್ ಅಪ್ ವಿತ್ ಮಾಡುವುದಿಲ್ಲ. ವಿತ್‌ಸ್ಟ್ಯಾಂಡ್ ಮಾಡುತ್ತದೆ. ಇನ್ನು ಕಿಂಡಿಯ ಹತ್ತಿರ ಒನಕೆ ಹಿಡಿದು ನಿಂತ ಓಬವ್ವ? ಅವಳಿಗೆ ಈ ಲೇಖನದ ಯಾವ ಪದವೂ ಸಾಲದು. ಅವಳು ತಾಳಿಕೊಳ್ಳಲಿಲ್ಲ, ಹೊಡೆದಳು. ಅದು ‘ಫಾಟ್’.

ಪಟ್ಟು ಬಿಡದೆ ಮಾಡಿದರೆ ಪರ್ಸವಿಯರ್

ಇದು ನೋವಿನ ಪದ ಅಲ್ಲ, ಕೆಲಸದ ಪದ. ಅಡ್ಡಿ ಬಂದರೂ ಬಿಡದೆ ಮುಂದುವರಿಸುವುದು. ಇದಕ್ಕೆ ನೇರವಾಗಿ ಕರ್ಮ ಹತ್ತುವುದಿಲ್ಲ. ‘ಐ ಪರ್ಸವಿಯರ್ಡ್ ಮೆನಿ ಪ್ರಾಬ್ಲಮ್ಸ್’ ತಪ್ಪು. ‘ಐ ಪರ್ಸವಿಯರ್ಡ್ ವಿತ್ ಮೈ ಸ್ಟಡೀಸ್’ ಸರಿ. ಉಚ್ಚರಿಸುವಾಗ ಒತ್ತು ಕೊನೆಗೆ ಬೀಳಬೇಕು. ಅನೇಕರು ನಡುವೆ ಇನ್ನೊಂದು ‘ಆರ್’ ಸೇರಿಸಿ ಬರೆಯುತ್ತಾರೆ, ಅದು ಬೇಡ. ಹುಡುಗಿ ತನ್ನ ಓದಿನ ಬಗ್ಗೆ ಬರೆದ ಸಾಲಿಗೆ ಇದನ್ನು ಹಾಕಿಕೊಂಡಳು.

ಕೊನೆಗೆ ತಿರುಗಿ ಕನ್ನಡಕ್ಕೆ ತನ್ನಿ

ಬರೆದಾದ ಮೇಲೆ ಪ್ರತಿ ಸಾಲನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ. ಈ ಸಲ ‘ಸಹಿಸು’ ಅನ್ನುವ ಪದವನ್ನು ಬಳಸಲೇಬೇಡಿ. ಬೇರ್ ಇದ್ದಲ್ಲಿ ‘ಹೊತ್ತರು’ ಅನ್ನಿ. ಎಂಡ್ಯೂರ್ ಇದ್ದಲ್ಲಿ ‘ವರ್ಷಗಟ್ಟಲೆ ಗಟ್ಟಿಯಾಗಿ ತಡೆದರು’. ಟಾಲರೇಟ್ ಇದ್ದಲ್ಲಿ ‘ಒಪ್ಪದೆ ಇದ್ದರೂ ಬಿಟ್ಟರು’. ಪುಟ್ ಅಪ್ ವಿತ್ ಇದ್ದಲ್ಲಿ ‘ನುಂಗಿಕೊಂಡರು’. ಸಫರ್ ಇದ್ದಲ್ಲಿ ‘ಪೆಟ್ಟು ತಿಂದರು’. ನೀವು ಹೇಳಬೇಕೆಂದಿದ್ದ ಮಾತೇ ಬಂತಾ? ಬರದಿದ್ದರೆ ಪದ ಬದಲಾಯಿಸಿ.

ಹೀಗೆ ತಿರುಗಿಸುವಾಗಲೇ ಹುಡುಗಿ ನನ್ನನ್ನು ತಿದ್ದಿದಳು. ಭಟ್ಟಿಯ ಸಾಲಿಗೆ ನಾನು ‘ಸಫರ್ಡ್’ ಅಂತ ಹೇಳಿದ್ದೆ. ಅರ್ಜಿ ನೋಡುವವರ ಮನಸ್ಸು ಕರಗಲಿ ಅಂತ. ಅವಳು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಬರೇ ಪೆಟ್ಟು ತಿಂದಿಲ್ಲ ಮೇಡಂ ನಮ್ಮವ್ವ, ನಿಂತಾಳೆ’ ಅಂದಳು. ಅವಳು ಹೇಳಿದ್ದೇ ಸರಿ. ಸಫರ್ಡ್ ಹೊಡೆದುಹಾಕಿ ‘ಶಿ ಎಂಡ್ಯೂರ್ಡ್ ದಿ ಹೀಟ್ ಆಫ್ ದಿ ಫರ್ನೆಸ್ ಫಾರ್ ಟ್ವೆಲ್ವ್ ಇಯರ್ಸ್’ ಅಂತ ಬರೆದಳು.

ಮನೆಗೆ ಹೋಗಿ ಇಡೀ ಪತ್ರವನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದಳಂತೆ. ಅವರು ಎಲ್ಲ ಕೇಳಿ, ಮಂದಿ ಮಾತಿನ ಸಾಲು ಬಂದಾಗ ತಡೆದರಂತೆ. ‘ಅದೊಂದು ತೆಗಿಯವ್ವಾ. ಅವ್ರೆಲ್ಲಾ ಇನ್ನೂ ನಮ್ಮ ಓಣ್ಯಾಗೇ ಅದಾರೆ.’

ಮರುದಿನ ಅವಳು ತಂದ ಪ್ರತಿಯಲ್ಲಿ ಪುಟ್ ಅಪ್ ವಿತ್ ಇರಲಿಲ್ಲ.